ಅತ್ತಲೂರಿಗೆ ಯಾರಿಗೆ ಎಷ್ಟು ದೂರ

ನಮ್ಮೂರಿನ ವಿಮಾನ ನಿಲ್ದಾಣದಲ್ಲಿ ನನ್ನದು ಅಳತೆಯ ಕೋಣೆ. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಎಂಟಕ್ಕೆ ಅತ್ತಲೂರಿನ ವಿಮಾನ ಹೊರಡುತ್ತದೆ. ಹತ್ತುವವರೆಲ್ಲ ಏಳೂವರೆಯೊಳಗೆ ನನ್ನಲ್ಲಿಗೆ ಬಂದು ತಮ್ಮ ದೂರ ಅಳೆಸಿಕೊಳ್ಳಬೇಕು. ಚಪ್ಪಲಿ ಬಿಟ್ಟು ಹಿತ್ತಾಳೆ ತಟ್ಟೆಯ ಮೇಲೆ ನಿಲ್ಲಬೇಕು, ಗೋಡೆಯ ಯಂತ್ರದಿಂದ ಬಂದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿಯಬೇಕು, ಅತ್ತಲೂರಿನ ದಿಕ್ಕಿಗೆ ಬಳಿದಿರುವ ಬಿಳಿ ಗೆರೆಯನ್ನು ನೋಡುತ್ತ ಮೂರು ಸಲ ಉಸಿರಾಡಬೇಕು. ಮೂರನೆಯ ಉಸಿರಿಗೆ ಮುಳ್ಳು ನಿಲ್ಲುತ್ತದೆ. ಅದು ತೋರಿಸಿದ ಕಿಲೋಮೀಟರುಗಳನ್ನು ಹನ್ನೆರಡರಿಂದ ಭಾಗಿಸಿದರೆ ನಿಮಿಷಗಳು ಸಿಗುತ್ತವೆ. ಏರುವುದಕ್ಕೆ, ಇಳಿಯುವುದಕ್ಕೆ ಎಂದು ಇಪ್ಪತ್ತು ನಿಮಿಷ ಸೇರಿಸಿ ಚೀಟಿ ಬರೆದು ಕೊಡುತ್ತೇನೆ. ಬೇಸಿಗೆಯಲ್ಲಿ ಹಿತ್ತಾಳೆ ಹಿಗ್ಗುವುದರಿಂದ ಒಂದು ಸಣ್ಣ ತಿದ್ದುಪಡಿಯೂ ಇದೆ, ಆದರೆ ಅದನ್ನು ಪೂರ್ತಿ ಕೇಳುವ ತಾಳ್ಮೆಯನ್ನು ಈವರೆಗೆ ಯಾರೂ ತೋರಿಸಿಲ್ಲ.

ಒಬ್ಬೊಬ್ಬರದು ಒಂದೊಂದು ದೂರ. ವಿಮಾನ ಅದೇ, ಸೀಟಿನ ಸಾಲೂ ಅದೇ. ಆದರೆ ಬೇಕರಿಯ ಲಕ್ಕಣ್ಣನಿಗೆ ಅತ್ತಲೂರು ಒಂಬೈನೂರ ಅರವತ್ತು ಕಿಲೋಮೀಟರ್, ಅವನ ಪಕ್ಕದಲ್ಲೇ ಕೂತ ತಂಗಿಗೆ ಎರಡು ಸಾವಿರದ ನಾನೂರು. ಒಂಬತ್ತು ನಲವತ್ತಕ್ಕೆ ಲಕ್ಕಣ್ಣ ಬೆಲ್ಟ್ ಬಿಚ್ಚಿ, ಮೇಲಿನ ಚೀಲ ಇಳಿಸಿಕೊಂಡು, "ಬತ್ತೀನವ್ವಾ" ಎಂದು ತೆರೆದ ಬಾಗಿಲಿನಿಂದ ಇಳಿದು ಹೋಗುತ್ತಾನೆ. ತಂಗಿಯ ಕಿಟಕಿಯಲ್ಲಿ ಇನ್ನೂ ಮೋಡ. ಹೊರಗಿನಿಂದ ಬಂದವರು ಇದನ್ನು ಕೇಳಿ, ಹಾಗಾದರೆ ಪೈಲಟ್ ಯಾವಾಗ ಇಳಿಯುತ್ತಾನೆ ಅನ್ನುತ್ತಾರೆ. ಪೈಲಟ್ ತನ್ನ ಹೊತ್ತಿಗೆ ಇಳಿಯುತ್ತಾನೆ. ನಿಜವಾದ ದೂರ ಎಷ್ಟು ಎಂದೂ ಕೇಳುತ್ತಾರೆ. ಯಾರ ನಿಜವಾದ ದೂರ ಎಂದು ನಾವು ತಿರುಗಿ ಕೇಳುತ್ತೇವೆ.

ನಮಗೆ ಇದು ಅಭ್ಯಾಸ. ಮೊದಲು ಇಳಿದ ಗಂಡಂದಿರು ಹೆಂಡತಿಯರಿಗಾಗಿ ಕಾಯುತ್ತ ಆಡಲೆಂದು ಅತ್ತಲೂರಿನ ನಿಲ್ದಾಣದಲ್ಲಿ ಆರು ಕೇರಂ ಬೋರ್ಡುಗಳಿವೆ. ಜೊತೆಯಾಗಿಯೇ ಇಳಿಯಬೇಕು ಅನ್ನುವವರು ಒಂದೇ ಹಗ್ಗ ಹಿಡಿದು ಅಳೆಸಿಕೊಳ್ಳಬಹುದು. ಆಗ ಗುಂಪಿನಲ್ಲಿ ಅತಿ ದೂರದವರ ದೂರವೇ ಎಲ್ಲರದೂ ಆಗುತ್ತದೆ. ಆದ್ದರಿಂದ ಹಗ್ಗಕ್ಕೆ ಯಾರನ್ನು ಕರೆಯಬೇಕು ಎಂಬುದು ನಮ್ಮೂರಿನಲ್ಲಿ ಬಲು ಸೂಕ್ಷ್ಮದ ವಿಷಯ. ಅತ್ತಿಗೆಯನ್ನು ಹಗ್ಗಕ್ಕೆ ಕರೆಯಲಿಲ್ಲವೆಂದು ಎಂಟು ವರ್ಷ ಮಾತು ಬಿಟ್ಟ ಮನೆ ನನಗೆ ಗೊತ್ತು. ಕರೆದದ್ದಕ್ಕೆ ಮಾತು ಬಿಟ್ಟ ಮನೆಯೂ ಗೊತ್ತು.

ಇಷ್ಟಕ್ಕೇ ನಿಂತಿದ್ದರೆ ತೊಂದರೆಯಿರಲಿಲ್ಲ. ಆದರೆ ನಮ್ಮ ಜನ ಒಂದು ಸಿದ್ಧಾಂತವನ್ನೂ ಕಟ್ಟಿಕೊಂಡಿದ್ದಾರೆ: ಹೋಗಲು ಮನಸ್ಸಿದ್ದವರಿಗೆ, ಅಲ್ಲಿರುವವರ ಮೇಲೆ ಪ್ರೀತಿಯಿದ್ದವರಿಗೆ ದೂರ ಕಡಿಮೆಯಂತೆ, ಇಲ್ಲದವರಿಗೆ ಹೆಚ್ಚಂತೆ. ನಾನು ಭೌತಶಾಸ್ತ್ರ ಓದಿದವಳು, ಇಂಥದ್ದನ್ನು ಸುಮ್ಮನೆ ನಂಬಲಾರೆ. ಹದಿನಾಲ್ಕು ವರ್ಷಗಳ ಒಂಬತ್ತು ಸಾವಿರ ಚೀಟಿಗಳನ್ನು ಇಟ್ಟುಕೊಂಡು ವಯಸ್ಸು, ತೂಕ, ಎತ್ತರ, ಹುಟ್ಟಿದ ತಿಂಗಳು ಎಲ್ಲದರ ಜೊತೆ ಹೋಲಿಸಿದ್ದೇನೆ. ಯಾವುದಕ್ಕೂ ಸಂಬಂಧವಿಲ್ಲ. ಪ್ರೀತಿಯನ್ನೂ ಬಿಡಬಾರದೆಂದು ಒಂದು ವರ್ಷ ಪೂರ್ತಿ ಪ್ರಯಾಣಿಕರಿಗೆಲ್ಲ, ಅತ್ತಲೂರಿನಲ್ಲಿರುವ ನಿಮ್ಮವರ ಮೇಲೆ ನಿಮಗೆಷ್ಟು ಪ್ರೀತಿ, ಒಂದರಿಂದ ಹತ್ತರೊಳಗೆ ಗುರುತು ಮಾಡಿ ಎಂದು ಕಾಗದ ಕೊಟ್ಟೆ. ಎಲ್ಲರೂ ಹತ್ತು ಬರೆದರು. ಆಸ್ತಿಗಾಗಿ ಅಣ್ಣನ ಮೇಲೆ ಕೇಸು ಹಾಕಲು ಹೊರಟಿದ್ದವನೂ ಹತ್ತು ಬರೆದ. ಬದಲಾಗದ ಸಂಖ್ಯೆಯೊಂದಿಗೆ ಯಾವ ಲೆಕ್ಕವನ್ನೂ ಹಾಕಲಾಗುವುದಿಲ್ಲ, ಹಾಗಾಗಿ ಆ ಅಧ್ಯಾಯ ಅಲ್ಲೇ ನಿಂತಿದೆ.

ನನ್ನ ಮಾತನ್ನು ಯಾರೂ ಒಪ್ಪದಿರುವುದಕ್ಕೆ ಇನ್ನೊಂದು ಕಾರಣವಿದೆ. ನನ್ನ ದೂರ ನಾಲ್ಕು ಸಾವಿರದ ನೂರ ನಲವತ್ತು. ಆರು ಗಂಟೆ ಐದು ನಿಮಿಷ. ನಮ್ಮಂಥವರನ್ನು ಊರಿನಲ್ಲಿ ಉದ್ದದವರು ಅನ್ನುತ್ತಾರೆ. "ಅಳತೆ ಮೇಡಮ್ಮೋರು ಉದ್ದದೋರು, ಇನ್ನೇನ್ ಹೇಳ್ತಾರೆ ಮತ್ತೆ?" ಎಂದು ನನ್ನ ಕಿಟಕಿಯ ಹೊರಗೇ ನಿಂತು ಮಾತಾಡಿಕೊಳ್ಳುತ್ತಾರೆ.

ಓಲಗದ ಮಾಯಿಗಯ್ಯ ಹಾಗೆ ಹೇಳುವವರಲ್ಲಿ ಮೊದಲಿಗರು. ಐವತ್ತಾರು ವರ್ಷದ ಅವರ ನಾಗಸ್ವರಕ್ಕೆ ಎಷ್ಟು ಹೆಸರೆಂದರೆ, ಅತ್ತಲೂರಿನ ಮದುವೆ ಮನೆಗಳು ದಿನ ಗೊತ್ತು ಮಾಡುವ ಮೊದಲೇ ಅವರನ್ನು ಗೊತ್ತು ಮಾಡುತ್ತವೆ. ಹತ್ತೊಂಬತ್ತು ವರ್ಷಗಳಿಂದ ಅವರ ದೂರ ಸಾವಿರದ ಎಂಟುನೂರು. ಹತ್ತು ಕಿಲೋಮೀಟರ್ ಆಚೀಚೆ ಆದದ್ದನ್ನು ನಾನು ಕಂಡಿಲ್ಲ. ಅವರ ಮನೆಯ ಮುಂದಿನ ಬೋರ್ಡಿನಲ್ಲಿ "ಮಾಯಿಗಯ್ಯ ಮತ್ತು ತಂಡ, ಮಂಗಳವಾದ್ಯ" ಎಂಬುದರ ಕೆಳಗೆ ಕೆಂಪು ಬಣ್ಣದಲ್ಲಿ "ಎರಡು ಗಂಟೆ ಐವತ್ತು ನಿಮಿಷ" ಎಂದು ಬರೆಸಿದ್ದಾರೆ. ತಂಡಕ್ಕೆ ಆಳುಗಳನ್ನು ಆರಿಸುವಾಗ ತಾಳಜ್ಞಾನದಷ್ಟೇ ದೂರವನ್ನೂ ನೋಡುತ್ತಾರೆ. ಶ್ರುತಿ ಹಿಡಿಯುತ್ತಿದ್ದ ಒಬ್ಬ ಒಳ್ಳೆಯ ಕಲಾವಿದನನ್ನು ನಾಲ್ಕು ಗಂಟೆಯವನೆಂದು ಮೂರೇ ತಿಂಗಳಲ್ಲಿ ಬಿಡಿಸಿದ್ದರು.

ಕಳೆದ ಮಾಘ ಮಾಸದ ಒಂದು ಗುರುವಾರ ಅವರು ಮಗಳ ಮದುವೆಯ ದಿಬ್ಬಣದೊಂದಿಗೆ ನನ್ನ ಕೋಣೆಗೆ ಬಂದರು. ಒಟ್ಟು ಹನ್ನೊಂದು ಜನ. ಮಗಳು ಚೆಲುವಾಂಬೆ, ಮನೆಯವರ ಬಾಯಲ್ಲಿ ಚೆಲುವಿ, ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಹುಡುಗ ಅತ್ತಲೂರಿನವನು. ಮುಹೂರ್ತ ಅದೇ ದಿನ ಹನ್ನೆರಡೂವರೆಗೆ. ತಾಯಿ ಸೋಮವಾರದ ವಿಮಾನದಲ್ಲೇ ಹೋಗಿ ಅಲ್ಲಿನ ಏರ್ಪಾಡು ನೋಡುತ್ತಿದ್ದರು. ಧಾರೆ ಎರೆದ ಒದ್ದೆ ಕೈಯಲ್ಲೇ ನಾಗಸ್ವರ ಎತ್ತಿ ತಾಳಿ ಕಟ್ಟುವ ಹೊತ್ತಿಗೆ ತಾನೇ ಗಟ್ಟಿಮೇಳ ನುಡಿಸುತ್ತೇನೆ ಎಂದು ಮಾಯಿಗಯ್ಯ ಒಂದು ವರ್ಷದಿಂದ ಊರೆಲ್ಲ ಹೇಳಿಕೊಂಡು ಬಂದಿದ್ದರು. ಕೇಳದೆ ಉಳಿದವರಿಗೆ ಆವತ್ತು ನನ್ನ ಸಾಲಿನಲ್ಲಿ ನಿಂತೇ ಹೇಳಿದರು.

ಹನ್ನೊಂದು ಜನರೂ ಹಗ್ಗ ಹಿಡಿದು ಮೂರು ಸಲ ಉಸಿರಾಡಿದರು. ಮುಳ್ಳು ಸಾವಿರದ ಎಂಟುನೂರನ್ನು ದಾಟಿತು. ಎರಡು ಸಾವಿರ ದಾಟಿತು. ಮೂರು ದಾಟಿತು. ನಾನು ಗಾಜನ್ನು ಬೆರಳಿನಿಂದ ತಟ್ಟಿದೆ.

"ಬರ್ಕೊಳ್ಳಿ ಮೇಡಮ್ಮೋರೆ, ಸಾವ್ರದೆಂಟ್ನೂರು. ನೋಡೋದೇನೈತೆ ಅದ್ರಲ್ಲಿ?" ಎಂದರು ಮಾಯಿಗಯ್ಯ.

"ಒಂದ್ನಿಮಿಷ ಇರಿ. ಹಗ್ಗ ಬಿಡಿ ಎಲ್ಲರೂ."

ಯಂತ್ರ ಕೆಟ್ಟಿರಬಹುದೆಂದು ನಾನೇ ತಟ್ಟೆಯ ಮೇಲೆ ನಿಂತು ಹಗ್ಗ ಹಿಡಿದು ನೋಡಿದೆ. ನಾಲ್ಕು ಸಾವಿರದ ನೂರ ನಲವತ್ತು, ಎಂದಿನಂತೆ. ಅವರನ್ನು ಮತ್ತೆ ಅಳೆದೆ.

"ನಾಲ್ಕು ಸಾವಿರದ ಇನ್ನೂರು. ಆರು ಗಂಟೆ ಹತ್ತು ನಿಮಿಷ ಆಗುತ್ತೆ. ಎರಡು ಹತ್ತಕ್ಕೆ ಇಳೀತೀರಿ."

ಮಾಯಿಗಯ್ಯ ನಿಧಾನವಾಗಿ ಹಿಂದೆ ತಿರುಗಿ ತಮ್ಮ ಡೋಲಿನ ಹೊನ್ನಪ್ಪನನ್ನು ನೋಡಿದರು. ಇಬ್ಬರೂ ಮೂವತ್ತು ವರ್ಷದ ಜೊತೆಗಾರರು.

"ನೀನೇ ಕಣ್ಲಾ. ನಿನ್ನೆ ಏನ್ಲಾ ತಿಂದೆ?"

"ಮುದ್ದೆ ತಿಂದೆ. ಮುದ್ದೆ ತಿಂದ್ರೆ ದೂರ ಆಯ್ತದಾ?"

"ಮೊದ್ಲಿಂದ್ಲೂ ನಿಂಗೆ ಈ ಸಂಬಂಧ ಹಿಡಿಸ್ನಿಲ್ಲ."

"ಹುಡ್ಗನ್ ಕಿವಿ ಒಸಿ ದೊಡ್ಡವು ಅಂದೆ. ಅಷ್ಟೇಯ. ಎರಡ್ ಕಿವೀಗೆ ಎರಡ್ ಸಾವ್ರದ್ ನಾನೂರ್ ಕಿಲೋಮೀಟ್ರಾ?"

ಮದುಮಗಳು ಕಿಸಕ್ಕನೆ ನಕ್ಕಳು. ಮಾಯಿಗಯ್ಯ ನಗಲಿಲ್ಲ. "ಒಬ್ಬೊಬ್ರನ್ನೇ ಅಳೀರಿ ಮೇಡಮ್ಮೋರೆ. ಯಾರು ಅಂತ ಗೊತ್ತಾಗ್ಲಿ. ಅವ್ರು ಹಗ್ಗ ಬಿಡ್ಲಿ, ಅವ್ರ್ ಪಾಡಿಗ್ ಅವ್ರು ಬರ್ಲಿ. ಮುಹೂರ್ತ ತಪ್ಪುಸ್ಕೊಂಡು ಅವ್ರ್ ಜೊತೆ ಕೂರಾಕಾಯ್ತದಾ?"

ಒಬ್ಬೊಬ್ಬರನ್ನೇ ಅಳೆಯುವಾಗ ಬಾಗಿಲು ಹಾಕಬೇಕೆಂಬ ನಿಯಮವಿದೆ. ಚೀಟಿ ಅವರವರ ಕೈಗೇ ಸೇರಬೇಕು, ಇನ್ನೊಬ್ಬರಿಗೆ ನಾನು ಹೇಳುವಂತಿಲ್ಲ. ಆದರೆ ಹೊರಗೆ ಹೋದವರೆಲ್ಲ ಚೀಟಿಯನ್ನು ಬಾವುಟದಂತೆ ಆಡಿಸುತ್ತ ಹೋದರೆ ನಿಯಮ ಏನು ಮಾಡೀತು? ಮದುಮಗಳದು ಎರಡು ಗಂಟೆ ನಲವತ್ತು. ಚಿಕ್ಕಪ್ಪ, ಚಿಕ್ಕಮ್ಮ, ಅವರ ಮೂವರು ಮಕ್ಕಳು, ಸೋದರತ್ತೆ, ತಂಡದಲ್ಲಿ ಶ್ರುತಿ, ತಾಳ ಹಿಡಿಯುವ ಉಳಿದಿಬ್ಬರು, ಎಲ್ಲರೂ ಎರಡೂ ಐವತ್ತರೊಳಗೆ. ಹೊನ್ನಪ್ಪನದು ಎರಡು ಗಂಟೆ ನಲವತ್ತೈದು. ಅವನು ಚೀಟಿಯನ್ನು ಡೋಲಿನ ಪಟ್ಟಿಗೆ ಪಿನ್ನು ಹಾಕಿ ಸಿಕ್ಕಿಸಿಕೊಂಡ.

ಕೊನೆಗೆ ಉಳಿದವರು ಮಾಯಿಗಯ್ಯ ಒಬ್ಬರೇ. ಒಳಗೆ ಬಂದು ಬಾಗಿಲನ್ನು ತಾವೇ ಹಾಕಿದರು. ತಟ್ಟೆಯ ಮೇಲೆ ನಿಂತರು. ಮೂರನೆಯ ಉಸಿರನ್ನು ಬಿಡಲು ಬಹಳ ಹೊತ್ತು ತೆಗೆದುಕೊಂಡರು, ನಾಗಸ್ವರದವರಿಗೆ ಉಸಿರು ಜಾಸ್ತಿ. ನಾಲ್ಕು ಸಾವಿರದ ಇನ್ನೂರು.

"ತಿರ್ಗ ನೋಡಿ."

ನಾಲ್ಕು ಸಾವಿರದ ನೂರ ತೊಂಬತ್ತು. ಮತ್ತೆ ನಾಲ್ಕು ಸಾವಿರದ ಇನ್ನೂರು.

ಅವರು ತಟ್ಟೆಯಿಂದ ಇಳಿಯಲಿಲ್ಲ. "ಇದು ಹೊನ್ನಪ್ಪಂದು ಅಂತ ಬರ್ದು ಬಿಡಿ. ಅವನು ಬೇಜಾರ್ ಮಾಡ್ಕೊಳಾಕಿಲ್ಲ."

"ಯಾರ ಹೆಸರು ಬರೆದ್ರೂ ನೀವು ಇಳಿಯೋದು ಎರಡು ಹತ್ತಕ್ಕೇ ಮಾಯಿಗಯ್ಯನೋರೆ."

"ಬೀಗ್ರೆಲ್ಲ ಬಾಗ್ಲಲ್ಲಿ ನಿಂತಿರ್ತಾರೆ. ಹೆಣ್ಣಿನಪ್ಪ ಆರ್ ಗಂಟೆ ಅಂದ್ರೆ ಏನಂತಾರೆ?" ಎಂದರು. ಆಮೇಲೆ ದನಿ ತಗ್ಗಿಸಿ, "ನಾನೇ ಹುಡ್ಕಿದ್ ಸಂಬಂಧ. ಒಳ್ಳೆ ಹುಡ್ಗ. ನಂಗೇ ಗೊತ್ತಿಲ್ದಂಗೆ ಒಳಗೇನಾರ ಐತಾ ಮೇಡಮ್ಮೋರೆ? ಅವಳನ್ನ ಕಳ್ಸಾಕೆ ಇಷ್ಟ ಇಲ್ದಂಗೆ?"

ಇಂಥ ಪ್ರಶ್ನೆಗೆ ನನ್ನಲ್ಲಿ ಉತ್ತರ ಸಿದ್ಧವಿರುತ್ತದೆ. ಒಂಬತ್ತು ಸಾವಿರ ಚೀಟಿಗಳ ವಿಷಯ ಹೇಳಿದೆ. ಯಾವ ಕಾರಣವೂ ಇಲ್ಲದೆ ದೂರ ಹೀಗೆ ಜಿಗಿದ ನಲವತ್ತೊಂದು ಪ್ರಕರಣಗಳಿವೆ ಎಂದೆ. ಮನಸ್ಸಿಗೂ ಮುಳ್ಳಿಗೂ ಸಂಬಂಧವಿದೆ ಎನ್ನಲು ಒಂದೇ ಒಂದು ಪುರಾವೆ ಸಿಕ್ಕಿಲ್ಲ ಎಂದೆ.

ಅವರು ತಾಳ್ಮೆಯಿಂದ ಕೇಳಿ, "ನಿಮ್ದೂ ಆರ್ ಗಂಟೆ ಅಲ್ವಾ?" ಎಂದರು.

ಹೊರಗೆ ಎಲ್ಲರಿಗೂ ಆಗಲೇ ಗೊತ್ತಾಗಿತ್ತು. ಹತ್ತು ಚೀಟಿಗಳನ್ನು ಪಕ್ಕಪಕ್ಕ ಹಿಡಿದರೆ ಹನ್ನೊಂದನೆಯದನ್ನು ಯಾರಾದರೂ ಓದಬಹುದು. ಸೋದರತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಚಿಕ್ಕಪ್ಪ ನೆಲ ನೋಡುತ್ತಿದ್ದ. ಎಲ್ಲರೂ ಅಣ್ಣನ ಹಗ್ಗವನ್ನೇ ಹಿಡಿಯೋಣ, ಮುಹೂರ್ತ ಮುಂದಕ್ಕೆ ಹಾಕಿಸೋಣ ಎಂದು ಅವನು ಶುರು ಮಾಡಿದ. ಮಾಯಿಗಯ್ಯ ಗದರಿದರು. ಮುಹೂರ್ತ ಬದಲಾಯಿಸಿದ ಮದುವೆಯಲ್ಲಿ ತಾನು ಈವರೆಗೆ ನುಡಿಸಿಲ್ಲ, ಇನ್ನು ಮುಂದೂ ನುಡಿಸುವುದಿಲ್ಲ ಎಂದರು. ಉಳಿದ ಹತ್ತು ಜನ ಬೇರೆ ಹಗ್ಗ ಹಿಡಿದು ಹೋಗಲಿ, ಧಾರೆಯನ್ನು ತಮ್ಮ ಎರೆಯಲಿ ಎಂದರು.

"ನಾಗಸ್ವರ?" ಎಂದ ಹೊನ್ನಪ್ಪ. "ಬರೀ ಡೋಲಲ್ಲಿ ಗಟ್ಟಿಮೇಳ ಮಾಡಿದ್ರೆ ಕೋಳಿ ಅಂಗ್ಡಿ ಓಪನಿಂಗ್ ಇದ್ದಂಗಿರ್ತದೆ ಕಣ್ಲಾ."

"ಬಾರ್ಸು. ಕೋಳಿ ಅಂಗ್ಡಿನಾರ ಆಗ್ಲಿ, ಕಸಾಯಿಖಾನೆನಾರ ಆಗ್ಲಿ."

ಗಾಬರಿಗೊಂಡ ದೊಡ್ಡ ಪ್ರಾಣಿಗಳ ಹತ್ತಿರ ಹೇಗೆ ಹೋಗಬೇಕೆಂಬುದು ಚೆಲುವಿಗೆ ವೃತ್ತಿಯಿಂದಲೇ ತಿಳಿದಿತ್ತು. ಪಕ್ಕದಿಂದ ಬಂದು ಅಪ್ಪನ ತೋಳಿನ ಮೇಲೆ ಕೈಯಿಟ್ಟಳು.

"ಆಯ್ತು ಬುಡಪ್ಪ. ತಾಳಿ ಟೈಮು ಪುರೋಹಿತ್ರುದ್ದು, ಅದುನ್ನ ನಾನ್ ಕೇಳಲ್ಲ. ಊಟದ್ ಟೈಮು ನಂದು. ನೀನ್ ಬಂದು ಎಲೆ ಮುಂದೆ ಕೂರೋಗಂಟ ಯಾರೂ ಉಣ್ಣಂಗಿಲ್ಲ."

"ಮುನ್ನೂರ್ ಜನ ಕಣವ್ವ! ಬೀಗ್ರು!"

"ಬೀಗ್ರಿಗೂ ಹೊಟ್ಟೆ ಐತೆ, ಕಾಯ್ಲಿ."

ಹತ್ತು ಜನರ ಹಗ್ಗಕ್ಕೆ ಎರಡು ಗಂಟೆ ಐವತ್ತು ನಿಮಿಷ ಬಂತು. ಮಾಯಿಗಯ್ಯನವರ ಚೀಟಿಯನ್ನು ನಾನು ಮಡಿಸಿ ಕೊಟ್ಟೆ. ಅವರು ಓದದೆ ಜೇಬಿಗೆ ಹಾಕಿಕೊಂಡರು.

ಆವತ್ತು ನಾನೂ ಅದೇ ವಿಮಾನದಲ್ಲಿ ಹೊರಟಿದ್ದೆ. ಎರಡು ತಿಂಗಳಿಗೊಮ್ಮೆ ನಮ್ಮ ಯಂತ್ರವನ್ನೂ ಅತ್ತಲೂರಿನ ಯಂತ್ರವನ್ನೂ ತಾಳೆ ನೋಡಬೇಕು. ಮಾಯಿಗಯ್ಯನವರಿಂದ ಎರಡು ಸಾಲು ಹಿಂದೆ ನನ್ನ ಸೀಟು. ಹತ್ತೂ ಇಪ್ಪತ್ತೈದಕ್ಕೆ ಗಗನಸಖಿ ಅಡುಗೆ ಕಪಾಟಿನ ಬೀಗದ ಕೈಯನ್ನು ಉದ್ದದವರಲ್ಲಿ ಒಬ್ಬರಾದ ದೌಲತ್ ಬೀ ಅವರಿಗೆ ಕೊಟ್ಟು, ಎಲ್ಲರಿಗೂ ಕೈಮುಗಿದು ಇಳಿದು ಹೋದಳು. ಅವಳ ದೂರ ಅಷ್ಟೇ. ಹತ್ತೂ ಐವತ್ತಕ್ಕೆ ಮದುವೆಯವರು ಎದ್ದರು. ಚೆಲುವಿ ಸೀಟುಗಳ ನಡುವಿನ ಇಕ್ಕಟ್ಟಿನಲ್ಲೇ ಬಗ್ಗಿ ಅಪ್ಪನ ಕಾಲು ಮುಟ್ಟಿದಳು. ಅವರು ಏನೋ ಹರಸಿದರು, ಇಂಜಿನ್ ಸದ್ದಿನಲ್ಲಿ ನನಗೆ ಕೇಳಲಿಲ್ಲ. ಹೊನ್ನಪ್ಪ ಡೋಲನ್ನು ತಲೆಯ ಮೇಲೆ ಎತ್ತಿಕೊಂಡು ಅಡ್ಡಡ್ಡ ನಡೆಯುತ್ತ, ತಿರುಗಿ ನೋಡದೆ ಹೋದ. ಬಾಗಿಲು ಮುಚ್ಚಿತು. ಮಾಯಿಗಯ್ಯ ಕಿಟಕಿಗೆ ಹಣೆ ಇಟ್ಟರು. ಅಲ್ಲಿ ಮೋಡವಿತ್ತು.

ಹತ್ತೊಂಬತ್ತು ವರ್ಷಗಳಲ್ಲಿ ಅವರು ಹತ್ತೂ ಐವತ್ತರ ನಂತರದ ವಿಮಾನವನ್ನು ನೋಡಿರಲಿಲ್ಲ. ಹನ್ನೊಂದು ಮುಕ್ಕಾಲಾಗುವಷ್ಟರಲ್ಲಿ ಒಳಗೆ ಉಳಿಯುವವರು ಉದ್ದದವರು ಮಾತ್ರ. ಆವತ್ತು ಒಂಬತ್ತು ಜನ. ನಾವು ಚಪ್ಪಲಿ ಬಿಟ್ಟು ಕಾಲು ಚಾಚುತ್ತೇವೆ. ದೌಲತ್ ಬೀ ಸ್ಟವ್ ಹಚ್ಚಿ ಚಹಾ ಕಾಸುತ್ತಾರೆ. ಅವರು ದರ್ಜಿ, ರವಿಕೆಗಳಿಗೆ ಹುಕ್ಕು ಹಾಕುವ ಕೆಲಸವನ್ನೆಲ್ಲ ಗಂಟು ಕಟ್ಟಿ ತಂದು ಆಕಾಶದಲ್ಲೇ ಮುಗಿಸುತ್ತಾರೆ. ಎಂಟು ಗಂಟೆಯ ಜಿನದತ್ತಯ್ಯ ಮೇಷ್ಟ್ರು, ನಿವೃತ್ತ ಡ್ರಾಯಿಂಗ್ ಮಾಸ್ತರು, ಪೈಜಾಮ ಹಾಕಿಕೊಂಡು ಬಂದು ಎಲ್ಲರ ನಡುವೆ ಒಂದು ಡಬ್ಬಿ ಮಂಡಕ್ಕಿ ಇಡುತ್ತಾರೆ.

ದೌಲತ್ ಬೀ ಒಂದು ಲೋಟ ಚಹಾ ತೆಗೆದುಕೊಂಡು ಮಾಯಿಗಯ್ಯನವರ ಪಕ್ಕದ ಸೀಟಿನಲ್ಲಿ ಕೂತರು. "ಹೊಸಬ್ರಾ ಅಣ್ಣಾ? ತಗೊಳ್ಳಿ. ಅರೆ, ನೀವು ಓಲಗದೋರಲ್ವಾ? ಪ್ರತಿ ಸಲ ನನ್ ಕಾಲ್ ತುಳ್ಕೊಂಡು ದಡಬಡ ಇಳಿಯೋರು?"

"ಕ್ಷಮ್ಸಬೇಕು ತಾಯಿ."

"ಇರ್ಲಿ ಬಿಡಿ. ಇವತ್ತು ಪುರ್‌ಸೊತ್ತಾಗಿ ತುಳೀರಿ, ಇನ್ನೂ ಬೇಕಾದಷ್ಟು ಹೊತ್ತೈತೆ."

ಮಾಯಿಗಯ್ಯ ಚಹಾ ಕುಡಿದರು. ಅರ್ಧ ಲೋಟ ಆದ ಮೇಲೆ ಮೆಲ್ಲಗೆ, "ನಿಮ್ಗೆಷ್ಟು?" ಎಂದರು.

"ಏಳು ಗಂಟೆ ಇಪ್ಪತ್ತು ನಿಮಿಷ. ಅಲ್ಲಿ ನನ್ ಮಗ ಅವ್ನೆ. ಒಬ್ನೇ ಮಗ."

ಮಾಯಿಗಯ್ಯ ಏನು ಯೋಚಿಸಿದರೆಂಬುದು ಅವರ ಮುಖದಲ್ಲಿ ಕಂಡಿರಬೇಕು. ದೌಲತ್ ಬೀ ಸೂಜಿಯನ್ನು ರವಿಕೆಗೆ ಚುಚ್ಚಿ ನಿಲ್ಲಿಸಿದರು. "ಊರೋರು ಅಂತಾರೆ, ನಂಗೂ ಗೊತ್ತು. ನಾನು ಏಳೂ ಇಪ್ಪತ್ತಾದ್ರೂ ತಿಂಗ್ಳಿಗೆ ಒಂದ್ಸಲ ಹೋಗ್ತೀನಿ. ನನ್ ಸೊಸೆಗೆ ಈ ಕಡೆ ಬರೋಕೆ ಒಂದೂವರೆ ಗಂಟೆ. ನಾಕ್ ವರ್ಷ ಆಯ್ತು, ಬಂದವ್ಳಾ ಕೇಳಿ."

"ಬಂದಿಲ್ವಾ?"

"ಹತ್ರ ಐತಲ್ಲ, ಯಾವಾಗ್ ಬೇಕಾದ್ರೂ ಬರ್ಬೋದು ಅಂತ ಕೂತವ್ಳೆ."

ಮಾಯಿಗಯ್ಯನವರಿಗೆ ಆ ದಿನ ಮೊದಲ ಸಲ ನಗು ಬಂತು. ಚಹಾ ಗಂಟಲಿಗೆ ಹತ್ತಿ ಕೆಮ್ಮಿದರು. ನನ್ನ ಒಂಬತ್ತು ಸಾವಿರ ಚೀಟಿಗಳಿಗೆ ಆಗದ ಕೆಲಸ ಅದು. ನಾನು ಟಿಪ್ಪಣಿ ಪುಸ್ತಕ ತೆಗೆದು ಬರೆದುಕೊಂಡೆ.

ಹನ್ನೆರಡು ಕಳೆದ ಮೇಲೆ ಅವರು ಗಡಿಯಾರವನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ನಾಗಸ್ವರದ ಪೆಟ್ಟಿಗೆ ತೊಡೆಯ ಮೇಲಿತ್ತು. ಹನ್ನೆರಡು ಹದಿನೈದಕ್ಕೆ ಜಿನದತ್ತಯ್ಯ ಮೇಷ್ಟ್ರು ಕೇಳಿದರು, "ಅದನ್ನ ಯಾಕೆ ಸುಮ್ನೆ ಮಲಗಿಸಿದೀರಿ? ತೆಗೀರಿ."

"ಇಲ್ಲಿ ಯಾರ್ ಮದ್ವೆ ಸ್ವಾಮಿ?"

"ಮದುವೆ ಅಲ್ಲಾಗ್ಲಿ. ಓಲಗ ಇಲ್ಲಾಗ್ಲಿ. ಹೊತ್ತು ಒಂದೇ ತಾನೇ?"

"ಹೊತ್ತು ಸರಿಯಾಗಿ ಗೊತ್ತಾಗ್ಬೇಕಲ್ಲ. ಪುರೋಹಿತ್ರು ಕೈ ಎತ್ಬೇಕು."

ಆಗ ಎಲ್ಲರೂ ನನ್ನ ಕಡೆ ತಿರುಗಿದರು. ತಾಳೆ ನೋಡುವ ಕೆಲಸಕ್ಕೆಂದು ನಾನು ಒಯ್ಯುವ ಗಡಿಯಾರ ವಾರಕ್ಕೆ ಅರ್ಧ ಸೆಕೆಂಡೂ ತಪ್ಪುವುದಿಲ್ಲ. ಅತ್ತಲೂರಿನ ನಿಲ್ದಾಣದ ಗಡಿಯಾರವನ್ನು ಇದಕ್ಕೇ ಹೊಂದಿಸುತ್ತಾರೆ, ಅಲ್ಲಿನ ಛತ್ರದವರು ನಿಲ್ದಾಣದ ಗಡಿಯಾರವನ್ನು ನೋಡಿ ತಮ್ಮದನ್ನು ಹೊಂದಿಸುತ್ತಾರೆ. ಬೇರೆ ಪುರೋಹಿತರು ಬೇಕಾಗಿರಲಿಲ್ಲ. ನಾನು ಎದ್ದು ಸೀಟುಗಳ ನಡುವೆ ನಿಂತೆ.

ಮಾಯಿಗಯ್ಯ ಪೆಟ್ಟಿಗೆ ತೆರೆದರು. ನಾಗಸ್ವರದ ತುದಿಯ ಜೀವಾಳಿಯನ್ನು ನಾಲಿಗೆಯಿಂದ ಒದ್ದೆ ಮಾಡಿದರು. ಮೇಲಿನ ಕಪಾಟಿಗೆ ತಲೆ ತಾಕುವುದೆಂದು ಸ್ವಲ್ಪ ಬಾಗಿ ನಿಂತರು. ಮೊದಲು ಮೆಲ್ಲಗೆ ಒಂದು ಆಲಾಪನೆ. ಇಂಜಿನ್ನಿನ ಗುಂಯ್ ಸದ್ದನ್ನೇ ಶ್ರುತಿ ಮಾಡಿಕೊಂಡು ಅದರ ಮೇಲೆ ಕೂತರು. ಹನ್ನೆರಡು ಇಪ್ಪತ್ತೊಂಬತ್ತಕ್ಕೆ ನಾನು ಬೆರಳು ಎತ್ತಿದೆ. ಅರವತ್ತು ಸೆಕೆಂಡು ಯಾರೂ ಉಸಿರಾಡಿದಂತೆ ಕಾಣಲಿಲ್ಲ. ಹನ್ನೆರಡೂವರೆ ಆಯಿತು, ನಾನು ಬೆರಳು ಆಡಿಸುತ್ತ, "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗಿದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ.

ಅವರು ನುಡಿಸಿದರು. ದೌಲತ್ ಬೀ ಮುಂದಿನ ಸೀಟಿನ ಮಡಿಸುವ ಹಲಗೆಯನ್ನು ಎರಡೂ ಕೈಯಿಂದ ಬಾರಿಸಿದರು, ಉಳಿದವರು ತಮ್ಮ ತಮ್ಮ ಹಲಗೆಗಳನ್ನು. ಜಿನದತ್ತಯ್ಯ ಮೇಷ್ಟ್ರು ಎಲ್ಲರ ಕೈಗೂ ಒಂದೊಂದು ಹಿಡಿ ಮಂಡಕ್ಕಿ ಕೊಟ್ಟಿದ್ದರು. ಅದನ್ನೇ ಅಕ್ಷತೆ ಎಂದು ವಿಮಾನ ಹೋಗುತ್ತಿದ್ದ ದಿಕ್ಕಿಗೆ ಎಸೆದೆವು. ಮಾಯಿಗಯ್ಯನವರ ಕೆನ್ನೆ ಉಬ್ಬಿ, ಕಣ್ಣು ಮುಚ್ಚಿ, ಕಣ್ಣಿನ ತುದಿಯಿಂದ ನೀರು ಇಳಿದು ಮೀಸೆಯೊಳಗೆ ಹೋಯಿತು. ಮೈಕಿನಲ್ಲಿ ಪೈಲಟ್ ಗಂಟಲು ಸರಿಮಾಡಿಕೊಂಡ. "ಶುಭವಾಗಲಿ" ಎಂದ. "ದಯವಿಟ್ಟು ಎಲ್ಲರೂ ಕೂತು ಬೆಲ್ಟ್ ಕಟ್ಟಿಕೊಳ್ಳಿ."

ಎರಡು ಗಂಟೆ ಐದು ನಿಮಿಷಕ್ಕೆ ನಾನು ಇಳಿದೆ. ಮೆಟ್ಟಿಲ ಕೆಳಗೆ ನಿಂತು ಕಾದೆ. ಎರಡು ಒಂಬತ್ತಕ್ಕೆ ಮಾಯಿಗಯ್ಯ ಬಾಗಿಲಲ್ಲಿ ಕಾಣಿಸಿಕೊಂಡರು. ಚೀಟಿಗಿಂತ ಒಂದು ನಿಮಿಷ ಮೊದಲು, ನಮ್ಮ ಯಂತ್ರಕ್ಕೆ ಅಷ್ಟು ವ್ಯತ್ಯಾಸ ಸಹಜ. ಪಂಚೆ ಸರಿಮಾಡಿಕೊಂಡರು, ಮೇಲಿನ ಮೆಟ್ಟಿಲಲ್ಲೇ ನಿಂತರು. ಕೆಳಗಿಳಿಯುವ ಧೈರ್ಯವನ್ನು ಒಟ್ಟುಮಾಡಿಕೊಳ್ಳುತ್ತಿದ್ದರು.

ಅತ್ತಲೂರಿನ ಛತ್ರ ನಿಲ್ದಾಣದ ಬೇಲಿಗೆ ಹೊಂದಿಕೊಂಡೇ ಇದೆ. ಬೇಲಿಯ ಆಚೆ ಜನ ನಿಂತಿದ್ದರು. ಒಬ್ಬರಿಬ್ಬರಲ್ಲ, ಇಡೀ ಮದುವೆ ಮನೆಯೇ ನಿಂತಿತ್ತು. ಜರಿ ಪಂಚೆ, ರೇಷ್ಮೆ ಸೀರೆ, ಮುದುಕರು, ಮಕ್ಕಳು. ಬಾಣಸಿಗ ಸೌಟು ಹಿಡಿದುಕೊಂಡೇ ಬಂದಿದ್ದ. ಎಲ್ಲರ ಮುಖವೂ ಬಾಡಿತ್ತು. ಮಾಯಿಗಯ್ಯನವರ ಕೆಂಪು ಪೇಟ ಕಂಡದ್ದೇ ಒಂದು ಮಗು "ಬಂದ್ರು!" ಎಂದು ಕಿರುಚಿತು. ಬೇಲಿಯುದ್ದಕ್ಕೂ ಆ ಮಾತು ಓಡಿತು. "ಬಂದ್ರು! ಬಂದ್ರು! ಹೆಣ್ಣಿನಪ್ಪ ಬಂದ್ರು!" ಯಾರೋ ಶಿಳ್ಳೆ ಹೊಡೆದರು. ಹದಿನಾಲ್ಕು ವರ್ಷಗಳಲ್ಲಿ ಆ ನಿಲ್ದಾಣದಲ್ಲಿ ಅಷ್ಟು ಸಂತೋಷದ ಸ್ವಾಗತ ಯಾರಿಗೂ ಸಿಕ್ಕಿದ್ದನ್ನು ನಾನು ನೋಡಿಲ್ಲ.

ಮದುಮಗ ಬಾಸಿಂಗ ಕಟ್ಟಿಕೊಂಡೇ ಓಡಿ ಬಂದು ಪೆಟ್ಟಿಗೆ ಇಸಿದುಕೊಂಡ. ಹೊನ್ನಪ್ಪ ಹೇಳಿದ್ದು ಸುಳ್ಳಲ್ಲ, ಕಿವಿಗಳು ಬಾಸಿಂಗದ ಎರಡೂ ಬದಿಗೆ ಚೆನ್ನಾಗಿ ಕಾಣುತ್ತಿದ್ದವು. "ಬನ್ನಿ ಮಾವ, ಬೇಗ ಬನ್ನಿ. ನೀವು ಚೆನ್ನಾಗಿದ್ದೀರಾ? ಸ್ವಲ್ಪ ಬೇಗ ಬನ್ನಿ."

ದಾರಿಯಲ್ಲಿ ಹುಡುಗನ ದೊಡ್ಡತ್ತೆಯೊಬ್ಬರು ಎದುರಾದರು. ಹೀಗೆ ಮಾತಾಡಲೆಂದೇ ಬೆಳಗಿನಿಂದ ತಯಾರಾಗಿದ್ದರೆಂದು ಕಾಣುತ್ತದೆ. "ಆರ್ ಗಂಟೆ ಅಂತಲ್ಲ? ಹೆತ್ತ ಮಗಳ್ ಮದ್ವೆಗೆ ಬರೋರಿಗೆ..."

"ಅತ್ತೇ," ಎಂದು ಹಿಂದಿನಿಂದ ಯಾರೋ ಗೋಗರೆದರು, "ಅದುನ್ನ ಉಂಡ್ಮೇಲೆ ಹೇಳು."

"ನಾನೇನ್ ಬ್ಯಾಡ ಅಂದ್ನಾ? ನಡೀರಿ ನಡೀರಿ," ಎಂದು ದೊಡ್ಡತ್ತೆ ಎಲ್ಲರಿಗಿಂತ ಮುಂದೆ ನಡೆದರು.

ಪಂಕ್ತಿಯಲ್ಲಿ ಎಲೆಗಳನ್ನು ಹಾಕಿದ್ದರು, ಚಿಮುಕಿಸಿದ ನೀರು ಒಣಗಿ ಮತ್ತೆ ಚಿಮುಕಿಸಿದ್ದರು. ಸಾರನ್ನು ನಾಲ್ಕು ಸಲ ಬಿಸಿ ಮಾಡಿದ್ದಾಗಿ ಬಾಣಸಿಗ ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಕೊರಳಲ್ಲಿ ಹೊಸ ತಾಳಿ ಹಾಕಿಕೊಂಡು ಚೆಲುವಿ ಮೊದಲ ಎಲೆಯ ಮುಂದೆ ನಿಂತಿದ್ದಳು. ಅಪ್ಪನನ್ನು ತೋಳು ಹಿಡಿದು ಕೂರಿಸಿದಳು. ಪಕ್ಕದಲ್ಲಿ ಹೊನ್ನಪ್ಪ ಕೂತು, ಅವರ ಕಡೆ ನೋಡದೆಯೇ, "ಕೋಳಿ ಅಂಗ್ಡಿ ಓಪನಿಂಗು ಜೋರಾಗಾಯ್ತು" ಎಂದ.

ಅನ್ನ ಬಂತು, ಸಾರು ಬಂತು, ಎಲ್ಲರ ಎಲೆಗೂ ಬಡಿಸಿ ಆಯಿತು. ಮಾಯಿಗಯ್ಯ ಕೈ ಹಾಕಲಿಲ್ಲ. ತಲೆಯೆತ್ತಿ ಮಗಳನ್ನು ನೋಡಿದರು.

"ಚೆಲುವಿ, ನಂಗೆ ಇಷ್ಟ ಇಲ್ದೆ ಅಲ್ಲ ಕಣವ್ವ. ಅದು ಯಾಕಾಯ್ತೋ..."

"ಅಪ್ಪಾ," ಎಂದಳು ಅವಳು ಬಗ್ಗಿ, ಅವರ ಕಿವಿಯ ಹತ್ತಿರ, "ಮೊದ್ಲು ಅನ್ನ ಕಲ್ಸು. ಮುನ್ನೂರ್ ಜನ ನಿನ್ ಕೈನೇ ನೋಡ್ತಾವ್ರೆ."

ಅವರು ಸುತ್ತ ನೋಡಿದರು. ನಿಜ. ದೊಡ್ಡತ್ತೆಯವರೂ ಸೇರಿದಂತೆ ಛತ್ರದಲ್ಲಿದ್ದ ಪ್ರತಿಯೊಬ್ಬರೂ ಎಲೆಯ ಮೇಲೆ ಬಾಗಿ, ಬೆರಳುಗಳನ್ನು ಅನ್ನಕ್ಕೆ ತಾಗದಷ್ಟು ಮೇಲೆ ಹಿಡಿದು, ಅವರ ಬಲಗೈಯನ್ನೇ ದಿಟ್ಟಿಸುತ್ತಿದ್ದರು. ಮಾಯಿಗಯ್ಯ ಅನ್ನಕ್ಕೆ ಕೈ ಹಾಕಿದರು, ಕಲಸಿದರು, ಒಂದು ತುತ್ತು ಮಾಡಿ ಬಾಯಿಗಿಟ್ಟರು. ಮುನ್ನೂರು ಜನ ಒಟ್ಟಿಗೇ ಸಾರನ್ನು ಸೊರ್ರೆಂದು ಸುರಿಯುವ ಸದ್ದಿಗೆ ಛತ್ರದ ತಗಡಿನ ಮಾಡಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹಾರಿದವು.